ಜ್ವರ ಬಂದದ್ದು ಹಸುವಿಗಲ್ಲ

ಗಿಣಿಯ ಕಾಲಿಗೆ ಯಂತ್ರ ತಗುಲಿದ ದಿನ ಯಾರೂ ಅದನ್ನು ದೊಡ್ಡದು ಮಾಡಲಿಲ್ಲ. ಅವಳೂ ಮಾಡಲಿಲ್ಲ. ಮೀನಖಂಡ ಗೇಣುದ್ದ ಸೀಳಿತ್ತು. ರಕ್ತದ ಮೇಲೆ ಸಗಣಿ ಮೆತ್ತಿತ್ತು. ನಲ್ಲಿಯ ಕೆಳಗೆ ಕಾಲು ಹಿಡಿದಳು. ತಲೆಗೆ ಕಟ್ಟಿದ್ದ ಬಟ್ಟೆ ಬಿಚ್ಚಿ ಸುತ್ತಿಕೊಂಡಳು. ಮತ್ತೆ ಸಲಿಕೆ ಎತ್ತಿಕೊಂಡಳು.

ಗಿಣಿ ನನ್ನ ನಾದಿನಿ, ಗಂಡನ ತಂಗಿ. ಮಾತು ಜಾಸ್ತಿ ಅಂತ ಚಿಕ್ಕಂದಿನಲ್ಲೇ ಬಿದ್ದ ಹೆಸರು. ಕುಡಿದು ಹೊಡೆಯುತ್ತಿದ್ದ ಗಂಡನನ್ನು ಬಿಟ್ಟು ಒಂದು ಚೀಲ ಹಿಡಿದು ತವರಿಗೆ ಬಂದಿದ್ದಳು. ಬಂದವಳು ಒಳಗೆ ಕಾಲಿಡದೆ ಬಾಗಿಲಲ್ಲೇ ನಿಂತು, "ಅತ್ತಿಗೆ, ನಾನಂತೂ ವಾಪಸ್ ಹೋಗಲ್ಲ. ನಿನಗೆ ಕಷ್ಟ ಆದ್ರೆ ಈಗ್ಲೇ ಹೇಳ್ಬಿಡು, ಚೀಲ ಬಿಚ್ಚಲ್ಲ" ಅಂದಳು. ಚೀಲವನ್ನು ನಾನೇ ಬಿಚ್ಚಿದೆ. ಅದರಲ್ಲಿ ಎರಡು ಸೀರೆ, ಒಂದು ಕನ್ನಡಿ, ಹಲ್ಲು ಮುರಿದ ಬಾಚಣಿಗೆ ಇದ್ದವು.

ನಮ್ಮದು ಎರಡು ಕೋಣೆಯ ಮನೆ. ಒಂದರಲ್ಲಿ ನಾನು, ನನ್ನ ಗಂಡ. ಇನ್ನೊಂದರಲ್ಲಿ ಅತ್ತೆ, ಗಿಣಿ. ಅತ್ತೆಯನ್ನು ಬಿಟ್ಟು ನಾವು ಮೂವರೂ ಹಾಲಿನ ಫಾರಂನಲ್ಲಿ ಕೆಲಸಕ್ಕಿದ್ದೆವು.

ಆ ಫಾರಂನಲ್ಲಿ ಎಲ್ಲವೂ ತಾನಾಗಿಯೇ ನಡೆಯುತ್ತದೆ ಅಂತ ಹೊರಗೆ ದೊಡ್ಡ ಹೆಸರು. ಹಾಲು ಕರೆಯುವುದು ಯಂತ್ರ. ಮೇವು ಹಾಕುವುದು ಯಂತ್ರ. ಯಾವ ಹಸು ಎಷ್ಟು ತಿಂದಿತು, ಎಷ್ಟು ಮೆಲುಕು ಹಾಕಿತು, ಯಾವುದಕ್ಕೆ ಮೈ ಬೆಚ್ಚಗಿದೆ, ಎಲ್ಲ ಕಂಪ್ಯೂಟರಿಗೆ ಗೊತ್ತು. ಪ್ರತಿ ಹಸುವಿನ ಕೊರಳಲ್ಲೂ ಒಂದು ದಪ್ಪ ಪಟ್ಟಿ. ಹಸುವಿನ ಮೈ ಸ್ವಲ್ಪ ಕಾದರೂ ಆ ಸಾಲಿನ ಮೇಲೆ ಕೆಂಪು ದೀಪ ಹತ್ತುತ್ತಿತ್ತು, ಸೈರನ್ ಕೂಗುತ್ತಿತ್ತು, ದನದ ಡಾಕ್ಟರರ ಫೋನು ಬಡಿದುಕೊಳ್ಳುತ್ತಿತ್ತು. ಅವರ ವ್ಯಾನು ಶೆಡ್ಡಿನ ಪಕ್ಕದಲ್ಲೇ ನಿಂತಿರುತ್ತಿತ್ತು. ಬಿಸಿಲು ಏರಿದರೆ ಹಸುಗಳ ಮೇಲೆ ಫ್ಯಾನು ತಿರುಗುತ್ತಿತ್ತು, ಮಂಜಿನಂಥ ನೀರು ಬೀಳುತ್ತಿತ್ತು. ನಾವು ಬುತ್ತಿ ಬಿಚ್ಚುವುದು ತಗಡಿನ ಗೂಡಿನಲ್ಲಿ. ಮಧ್ಯಾಹ್ನ ಅದರ ಗೋಡೆ ಮುಟ್ಟಿದರೆ ಕೈ ಸುಡುತ್ತಿತ್ತು.

ನಮ್ಮ ಮುಂಗೈಗೂ ಒಂದು ಪಟ್ಟಿ ಕಟ್ಟಿದ್ದರು. ಅದಕ್ಕೆ ಜ್ವರ ಗೊತ್ತಾಗುತ್ತಿರಲಿಲ್ಲ. ಕೈ ಆಡುತ್ತಿದೆಯೋ ನಿಂತಿದೆಯೋ ಅಷ್ಟೇ ಗೊತ್ತಾಗುತ್ತಿತ್ತು. ನಿಂತರೆ ಗುಂಯ್ ಅನ್ನುತ್ತಿತ್ತು, ಕೂಲಿ ಕಡಿತ. ಪಾಳಿಗೆ ಹೊರಡುವ ಹೊತ್ತಿನಿಂದಲೇ ಅದರ ಕಾವಲು ಶುರು.

ಯಂತ್ರ ಎಲ್ಲ ಮಾಡುತ್ತಿದ್ದರೆ ನಾವೇಕೆ ಬೇಕಿತ್ತು? ಯಂತ್ರಕ್ಕೆ ಮೂಲೆಗೆ ಬಾಗಲು ಬರುವುದಿಲ್ಲ. ಸಗಣಿ ಎಳೆಯುವ ಕಬ್ಬಿಣದ ಹಲಗೆ ಸಾಲಿನುದ್ದಕ್ಕೂ ತಾನೇ ಹೋಗಿ ಗುಂಡಿಗೆ ನೂಕುತ್ತಿತ್ತು. ಅಂಚಿನಲ್ಲಿ, ಕಂಬದ ಬುಡದಲ್ಲಿ, ಗುಂಡಿಯ ಬಾಯಿಯ ಜಾಲರಿಯಲ್ಲಿ ಮೆತ್ತಿದ್ದನ್ನು ನಾವು ಕೆರೆಯಬೇಕು. ಬಗ್ಗಿ ಬಗ್ಗಿ ಸೊಂಟ ನೆಟ್ಟಗಾಗುತ್ತಿರಲಿಲ್ಲ. ಕಾಲ್ಬೆರಳ ಸಂದಿ ಕೊಳೆತು ಬಿಳಿಚಿಕೊಂಡಿರುತ್ತಿತ್ತು. ಸ್ನಾನ ಮಾಡಿದರೂ ಕೂದಲಲ್ಲಿ ಆ ವಾಸನೆ ಉಳಿಯುತ್ತಿತ್ತು. ನನ್ನ ಗಂಡ ಮೊದಲು ಮೇವಿನ ಗಾಡಿಯ ಡ್ರೈವರ್ ಆಗಿದ್ದ. ಡ್ರೈವರ್ ಬೇಡದ ಗಾಡಿ ಬಂತು. ಈಗ ಅವನು ಪೊರಕೆ ಹಿಡಿದು ಅದರ ಹಿಂದೆ ನಡೆಯುತ್ತಾನೆ. ಅದು ಚೆಲ್ಲಿದ್ದನ್ನು ಗುಡಿಸುತ್ತಾನೆ.

ಫಾರಂ ನೋಡಲು ದೂರದೂರದಿಂದ ಜನ ಬರುತ್ತಿದ್ದರು. ಅವರು ಬರುವ ಮೊದಲು ಮೇಸ್ತ್ರಿ ನಮ್ಮನ್ನೆಲ್ಲ ಹುಲ್ಲಿನ ಬಣವೆಯ ಹಿಂದಕ್ಕೆ ಅಟ್ಟುತ್ತಿದ್ದ. ಸಗಣಿ ಮೆತ್ತಿಕೊಂಡ ಹೆಂಗಸರು ಅವರ ಕಣ್ಣಿಗೆ ಬೀಳಬಾರದು. ಟ್ಯಾಂಕರಿನ ಮೇಲೆ ದೊಡ್ಡ ಅಕ್ಷರದಲ್ಲಿ ಬರೆಸಿದ್ದರು: ಮನುಷ್ಯರ ಕೈ ಸೋಕದ ಹಾಲು. ಬಣವೆಯ ಹಿಂದೆ ಕೂತು ಗಿಣಿ ಅದನ್ನು ಓದಿ, "ಸರಿಯಾಗೇ ಬರ್ಸಿದ್ದಾರಲ್ಲ ಅತ್ತಿಗೆ. ನಮ್ಮನ್ನ ಮನುಷ್ಯರು ಅಂತ ಯಾರು ಹೇಳಿದ್ರು?" ಅಂದಳು. ಹೆಂಗಸರೆಲ್ಲ ಬಾಯಿಗೆ ಸೆರಗು ತುರುಕಿಕೊಂಡು ನಕ್ಕರು. ನಕ್ಕರೂ ಕೈ ಆಡಿಸುತ್ತಲೇ ಇರಬೇಕಿತ್ತು, ಪಟ್ಟಿ ನೋಡುತ್ತಿತ್ತಲ್ಲ. ಖಾಲಿ ಕೈಗಳನ್ನು ಗಾಳಿಯಲ್ಲಿ ಆಡಿಸುತ್ತಾ ಕೂತಿದ್ದೆವು, ಹುಚ್ಚು ಹಿಡಿದವರ ಹಾಗೆ.

ಸಗಣಿ ಎಳೆಯುವ ಆ ಹಲಗೆಯೇ ಗಿಣಿಯ ಕಾಲಿಗೆ ತಗುಲಿದ್ದು. ಅದಕ್ಕೆ ಹಸುವಿನ ಗೊರಸು ಸಿಕ್ಕರೆ ತಟ್ಟನೆ ನಿಲ್ಲುತ್ತದೆ. ನಾನೇ ಎಷ್ಟೋ ಸಲ ನೋಡಿದ್ದೇನೆ. ಗಿಣಿಯ ಕಾಲಿಗೆ ನಿಲ್ಲಲಿಲ್ಲ. ಯಂತ್ರ ರಿಪೇರಿ ಮಾಡುವವನನ್ನು ಕೇಳಿದೆ. ಅದನ್ನು ಹಸುವಿನ ತೂಕಕ್ಕೆ ಹೊಂದಿಸಿದ್ದಾರಂತೆ. ಹೆಂಗಸಿನ ಕಾಲಿಗೂ ನಿಲ್ಲುವ ಹಾಗೆ ಮಾಡಿದರೆ ಸಗಣಿ ಗಟ್ಟಿಯಾದಾಗಲೆಲ್ಲ ನಿಂತುಬಿಡುತ್ತದಂತೆ, ಕೆಲಸ ಕೆಡುತ್ತದಂತೆ. ಅವನು ಒಳ್ಳೆಯವನೇ. ಇದನ್ನೂ ನಟ್ಟು-ಬೋಲ್ಟಿನ ಮಾತಾಡುವ ದನಿಯಲ್ಲೇ ಹೇಳಿದ.

ಗಾಯ ಮಾಯಲಿಲ್ಲ. ಮಾಯುವುದಕ್ಕೆ ಅದು ಒಣಗಬೇಕಲ್ಲ. ದಿನವೂ ಸಗಣಿಯಲ್ಲೇ ನಿಲ್ಲಬೇಕಿತ್ತು. ಅತ್ತೆ ರಾತ್ರಿ ಬಿಸಿನೀರಲ್ಲಿ ತೊಳೆದು ಬಟ್ಟೆ ಕಟ್ಟುತ್ತಿದ್ದಳು, ಮಗಳನ್ನು ಬೈಯುತ್ತಿದ್ದಳು. ನಾಲ್ಕು ದಿನ ಮನೆಯಲ್ಲಿ ಬಿದ್ದಿರು ಅಂತ ನಾನೂ ಹೇಳಿದೆ. ಸತತವಾಗಿ ಹೋಗದಿದ್ದರೆ, ಮುಖ ನೋಡಿ ಬಿಡುವ ಗೇಟಿನ ಯಂತ್ರ ನನ್ನ ಮುಖ ಮರೆಯುತ್ತದೆ, ಆಮೇಲೆ ಒಳಗೆ ಬಿಡುವುದಿಲ್ಲ ಅಂದಳು ಗಿಣಿ. ಗಂಡನ ಮನೆ ಬಿಟ್ಟು ಬಂದವಳು ಅಣ್ಣನ ಅನ್ನ ಸುಮ್ಮನೆ ತಿನ್ನಬಾರದು ಅನ್ನುವುದು ಅವಳ ಮನಸ್ಸಿನಲ್ಲಿತ್ತು. ಅದನ್ನು ಬಾಯಿಬಿಟ್ಟು ಹೇಳಲಿಲ್ಲ. ಅಂಗಡಿಯಿಂದ ಮಾತ್ರೆ ತಂದು ನುಂಗಿದಳು. ಕಾಲು ಊದಿ ಗಂಬೂಟಿನೊಳಗೆ ಹೋಗದಾಯಿತು. ಗಂಬೂಟಿನ ಕೊರಳನ್ನು ಕುಡುಗೋಲಿನಿಂದ ಸೀಳಿ ಹಾಕಿಕೊಂಡಳು. ಆ ಸೀಳಿನಿಂದ ಸಗಣಿ ನೀರು ಒಳಗೆ ಹೋಗುತ್ತಿತ್ತು.

ಆ ದಿನ ಮಧ್ಯಾಹ್ನ ಅವಳು ಹಸುಗಳ ಸಾಲಿನ ಕೊನೆಯಲ್ಲಿ ಬಿದ್ದಳು. ಸಲಿಕೆ ಬಿದ್ದ ಸದ್ದಿಗೆ ತಿರುಗಿ ನೋಡಿದೆ. ಓಡಿ ಹೋಗಿ ಎತ್ತಿದರೆ ಮೈ ಕೆಂಡವಾಗಿತ್ತು. ತುಟಿ ಒಡೆದಿತ್ತು. ಕಾಲಿನ ಬಟ್ಟೆ ಬಿಚ್ಚಿದೆ. ಮೊಣಕಾಲಿನ ಮೇಲಕ್ಕೂ ಕೆಂಪು ಏರಿತ್ತು. ಗಾಯದ ವಾಸನೆ ಆ ಸಗಣಿಯ ನಡುವೆಯೂ ಬೇರೆಯಾಗಿ ಮೂಗಿಗೆ ಹೊಡೆಯಿತು.

ಹಲಗೆ ಬರುವ ದಾರಿಯಿಂದ ಅವಳನ್ನು ಪಕ್ಕಕ್ಕೆ ಎಳೆದು ಮೇವಿನ ಕಟ್ಟೆಗೆ ಒರಗಿಸಿ ಮೇಸ್ತ್ರಿಯ ಹತ್ತಿರ ಓಡಿದೆ. ಗಾಡಿಯ ವಿಷಯ ತನ್ನ ಕೈಲಿಲ್ಲ, ಮ್ಯಾನೇಜರನ್ನು ಕೇಳು ಅಂದ. ನಮ್ಮ ಫೋನುಗಳೆಲ್ಲ ಗೇಟಿನಲ್ಲಿ. ಒಳಗೆ ತರುವ ಹಾಗಿರಲಿಲ್ಲ, ಪಾಳಿ ಮುಗಿಯದೆ ವಾಪಸ್ ಕೊಡುತ್ತಿರಲಿಲ್ಲ. ಮ್ಯಾನೇಜರು ಗಾಜಿನ ಕೋಣೆಯಲ್ಲಿ ಕೂರುತ್ತಿದ್ದರು. ಅಲ್ಲಿ ತಂಪು. ಗೋಡೆ ತುಂಬ ಪರದೆಗಳು. ನನ್ನ ಕಾಲು ಕೊಳಕಾಗಿದೆ ಅಂತ ಬಾಗಿಲಲ್ಲೇ ನಿಲ್ಲಿಸಿದರು. ನಾದಿನಿ ಬಿದ್ದಿದ್ದಾಳೆ, ಜ್ವರ, ಆಸ್ಪತ್ರೆಗೆ ಹೋಗಬೇಕು, ಗಾಡಿ ಕೊಡಿ ಅಂದೆ. ಅವರು ನನ್ನ ಮುಖ ನೋಡಲಿಲ್ಲ. ಪರದೆ ನೋಡಿದರು.

"ಎಲ್ಲಿ ಬಿದ್ದಿದ್ದಾಳಮ್ಮ? ಸುಮ್ನೆ ಕೂತಿದ್ದಾಳೆ ಅಂತ ತೋರಿಸ್ತಿದೆ ಇಲ್ಲಿ."

ಕೈ ಆಡುತ್ತಿಲ್ಲ ಸಾರ್, ಎಚ್ಚರವೇ ಇಲ್ಲ ಅಂದೆ. ನೆರಳಲ್ಲಿ ಸ್ವಲ್ಪ ಹೊತ್ತು ಮಲಗಲಿ, ಪಾಳಿ ಮುಗಿದ ಮೇಲೆ ಎಲ್ಲರ ಜೊತೆ ಹೋಗಲಿ ಅಂದರು. ಗಾಡಿಗೆ ಮೇಲಿನವರ ಒಪ್ಪಿಗೆ ಬೇಕಂತೆ. ದನದ ಡಾಕ್ಟರರ ವ್ಯಾನು ದನಕ್ಕೆ ಮಾತ್ರವಂತೆ. ದನಕ್ಕೆ ಹುಷಾರಿಲ್ಲ ಅಂತ ಸೈರನ್ ಆದರೆ ಮಾತ್ರ ಅದನ್ನು ತೆಗೆಯುವುದಂತೆ.

ನಾನು ವಾಪಸ್ ಬಂದೆ. ಗಿಣಿ ಕಣ್ಣು ಅರ್ಧ ತೆರೆದು ನೀರು ಕೇಳಿದಳು. ಕುಡಿಸಿದರೆ ಕಕ್ಕಿದಳು. ಅವಳ ತಲೆಯ ಮೇಲೆ ಒಂದು ಹಸು ಕತ್ತು ಚಾಚಿ ಮೇವು ತಿನ್ನುತ್ತಿತ್ತು. ಅದರ ಕೊರಳಪಟ್ಟಿ ನನ್ನ ಕಣ್ಣೆದುರಿಗೇ ತೂಗುತ್ತಿತ್ತು. ಯೋಚಿಸಿ ಮಾಡಿದ ಕೆಲಸ ಅದಲ್ಲ. ಕೈ ತಾನಾಗಿ ಹೋಯಿತು. ಬಕಲ್ ಬಿಚ್ಚಿದೆ. ಹಸು ತಲೆ ಕೊಡವಲಿಲ್ಲ, ತಿನ್ನುತ್ತಲೇ ಇತ್ತು. ಪಟ್ಟಿಯನ್ನು ಗಿಣಿಯ ಕೊರಳಿಗೆ ಹಾಕಿದೆ. ದೊಡ್ಡದಾಯಿತು. ಅದರ ಡಬ್ಬಿ ಅವಳ ಚರ್ಮಕ್ಕೆ ತಾಗುವ ಹಾಗೆ ಎರಡು ಕೈಯಿಂದ ಒತ್ತಿ ಹಿಡಿದೆ.

"ಏನು ಮಾಡ್ತಿದ್ದೀಯ ಅತ್ತಿಗೆ?" ಅಂದಳು.

"ಸುಮ್ನಿರು. ಹಸು ಆಗು ಸ್ವಲ್ಪ ಹೊತ್ತು."

ಅವಳ ತುಟಿ ನಗುವುದಕ್ಕೆ ಹೋಯಿತು. "ಹಾಲು ಕೇಳಿದ್ರೆ ಏನ್ ಮಾಡ್ಲಿ?" ಅಂದಳು. ಅಷ್ಟರಲ್ಲಿ ಕೆಂಪು ದೀಪ ಹತ್ತಿತು. ಸೈರನ್ ಕೂಗಿತು.

ಎಲ್ಲರೂ ಓಡಿ ಬಂದರು. ದನದ ಡಾಕ್ಟರರು ಪೆಟ್ಟಿಗೆ ಹಿಡಿದು ಬಂದರು. ಮೇಸ್ತ್ರಿ ಬಂದ. ಎಂದೂ ಶೆಡ್ಡಿಗೆ ಕಾಲಿಡದ ಮ್ಯಾನೇಜರು ತಾವೇ ಬಂದರು. ಹಸುವಿಗಾಗಿ ಬಂದವರು ನನ್ನ ನಾದಿನಿಯ ಸುತ್ತ ನಿಂತರು. ಡಾಕ್ಟರರು ಕೆಲಸಕ್ಕೆ ಹೊಸಬರು, ಎಳೆ ಪ್ರಾಯದವರು. ಬಗ್ಗಿ ಅವಳ ಹಣೆ ಮುಟ್ಟಿದರು, ಕಾಲು ನೋಡಿದರು. ನಂಜು ರಕ್ತಕ್ಕೆ ಏರಿದೆ, ಈಗಲೇ ಆಸ್ಪತ್ರೆ ಸೇರಿಸಬೇಕು, ನನ್ನ ವ್ಯಾನಿನಲ್ಲೇ ಕರೆದುಕೊಂಡು ಹೋಗುತ್ತೇನೆ ಅಂದರು.

"ಮೊದಲು ಆ ಪಟ್ಟಿ ಬಿಚ್ಚು" ಅಂದರು ಮ್ಯಾನೇಜರು.

ಮೇಸ್ತ್ರಿ ಬಿಚ್ಚಿದ. ಅದಕ್ಕೆ ಔಷಧಿ ಹೊಡೆದು, ಬಟ್ಟೆಯಲ್ಲಿ ಚೆನ್ನಾಗಿ ಒರೆಸಿ, ಹಸುವಿನ ಕೊರಳಿಗೆ ಕಟ್ಟಿದ. ಆಮೇಲೆ ಮ್ಯಾನೇಜರು ಡಾಕ್ಟರರ ಕಡೆ ತಿರುಗಿ, ವ್ಯಾನು ಎಲ್ಲಿಗೆ ಹೋಯಿತು ಅಂತ ಮೇಲಿನವರು ಕುಳಿತಲ್ಲೇ ನೋಡುತ್ತಾರೆ, ದಾರಿಯಲ್ಲಿ ಅವಳಿಗೆ ಏನಾದರೂ ಆದರೆ ನಿಮ್ಮ ತಲೆಗೇ ಬರುತ್ತದೆ, ನೀವಿನ್ನೂ ಕಾಯಂ ಆಗಿಲ್ಲ ಅಂದರು. ಡಾಕ್ಟರರು ಕೀಲಿಕೈ ಹಿಡಿದೇ ನಿಂತಿದ್ದರು. ನಾನು ಅವರನ್ನೇ ನೋಡಿದೆ. ಅವರು ಕೀಲಿಕೈಯನ್ನು ಜೇಬಿಗೆ ಹಾಕಿಕೊಂಡರು.

ಆಂಬುಲೆನ್ಸಿಗೆ ಫೋನ್ ಮಾಡಿದ್ದೇವೆ ಅಂದರು ಮ್ಯಾನೇಜರು. ಮಾಡಿದರೋ ಇಲ್ಲವೋ ನನಗೆ ಈಗಲೂ ಗೊತ್ತಿಲ್ಲ. ಅದು ಬರಲಿಲ್ಲ. ಅಷ್ಟರಲ್ಲಿ ಸುದ್ದಿ ತಿಳಿದು ನನ್ನ ಗಂಡ ಪೊರಕೆ ಎಸೆದು ಓಡಿ ಬಂದ. ಇಬ್ಬರೂ ಸೇರಿ ಅವಳನ್ನು ಹೊತ್ತು ಹಾಲಿನ ಟ್ಯಾಂಕರಿನ ಹತ್ತಿರ ತಂದೆವು. ಟ್ಯಾಂಕರಿನ ಡ್ರೈವರ್ ಬಾಗಿಲು ತೆಗೆದು ಮುಂದಿನ ಸೀಟಿನಲ್ಲಿ ಮಲಗಿಸಿಕೊಂಡ. ಆದರೆ ಹೊರಡುವ ಹಾಗಿರಲಿಲ್ಲ. ಟ್ಯಾಂಕರು ತುಂಬಿದೆ ಅಂತ ತೂಕದ ಯಂತ್ರ ಹೇಳಿದರೆ ಮಾತ್ರ ದೊಡ್ಡ ಗೇಟು ತೆರೆಯುತ್ತದೆ. ಅವನು ಗೇಟಿನ ಕಾವಲುಗಾರನನ್ನು ಬೇಡಿದ, ಬೈದ. ಕಾವಲುಗಾರ ಕೈ ಮುಗಿದು, ನನ್ನ ಹತ್ತಿರ ಕೀಲಿಯೇ ಇಲ್ಲವಲ್ಲ ಅಂದ.

ನಾವು ಕಾದೆವು. ದಪ್ಪ ಕೊಳವೆಯಿಂದ ಹಾಲು ಬೀಳುತ್ತಿತ್ತು. ಒಳಗೆ ಬೀಳುವ ಸದ್ದು ನಮಗೆ ಕೇಳುತ್ತಿತ್ತು. ಗಿಣಿಯ ತಲೆ ನನ್ನ ತೊಡೆಯ ಮೇಲಿತ್ತು. ಅವಳ ಅಣ್ಣ ಕೆಳಗೆ ನಿಂತು ಕೊಳವೆಯನ್ನೇ ನೋಡುತ್ತಿದ್ದ. ಹಾಲು ಯಾಕಿಷ್ಟು ನಿಧಾನ ಅಂತ ಡ್ರೈವರನ್ನು ಕೇಳಿದ. ಗೊತ್ತಿಲ್ಲ, ದಿನವೂ ಇಷ್ಟು ಹೊತ್ತಾಗುವುದಿಲ್ಲ ಅಂದ ಅವನು. ಗಿಣಿ ಏನೇನೋ ಮಾತಾಡಿದಳು. ಸಲಿಕೆ ಎಲ್ಲಿಟ್ಟೆ ಅಂತ ಕೇಳಿದಳು. ಅಮ್ಮನಿಗೆ ಹೇಳಬೇಡ, ಕಿರುಚಾಡ್ತಾಳೆ ಅಂದಳು. ಆಮೇಲೆ ಮಾತು ನಿಂತಿತು. ನನ್ನ ನಾದಿನಿ ಬಾಯಿ ಮುಚ್ಚಿ ಅಷ್ಟು ಹೊತ್ತು ಇದ್ದದ್ದನ್ನು ನಾನು ನೋಡಿಯೇ ಇರಲಿಲ್ಲ.

ಗೇಟು ತೆರೆದಾಗ ಬಿಸಿಲು ಇಳಿದಿತ್ತು. ಡ್ರೈವರ್ ಟ್ಯಾಂಕರನ್ನು ದಾರಿ ಬಿಟ್ಟು ಆಸ್ಪತ್ರೆಯ ಕಡೆಗೆ ತಿರುಗಿಸಿದ. ಆಸ್ಪತ್ರೆ ಬರುವ ಮೊದಲೇ ಅವಳ ಕೈ ನನ್ನ ಕೈಯಿಂದ ಜಾರಿತು. ದಾರಿ ತಪ್ಪಿಸಿದ್ದಕ್ಕೆ ಆ ಡ್ರೈವರನ್ನು ಕೆಲಸದಿಂದ ತೆಗೆದರು ಅಂತ ಆಮೇಲೆ ಕೇಳಿದೆ.

ಮಣ್ಣು ಮಾಡಿ ಬಂದ ಮೇಲೆ ಮ್ಯಾನೇಜರು ನನಗೂ ನನ್ನ ಗಂಡನಿಗೂ ಹೇಳಿ ಕಳಿಸಿದರು. ಪಾಳಿ ಶುರುವಾಗುವ ಹೊತ್ತು. ಹೆಂಗಸರೆಲ್ಲ ಅಂಗಳದಲ್ಲಿ ಸಾಲಾಗಿ ನಿಂತಿದ್ದರು. ಒಂದು ಕಂಬಕ್ಕೆ ಕ್ಯಾಮೆರಾ ಕಟ್ಟಿದ್ದರು. ಮ್ಯಾನೇಜರು ಸಮಾಧಾನದಿಂದಲೇ ಮಾತಾಡಿದರು. ಸೈರನ್ ಆದ ಕೂಡಲೇ ಆ ಸಾಲಿನ ಹಾಲೆಲ್ಲ ತಾನಾಗಿ ಚರಂಡಿಗೆ ಹರಿಯಿತಂತೆ, ಹುಷಾರಿಲ್ಲದ ಹಸುವಿನ ಹಾಲು ಟ್ಯಾಂಕರಿಗೆ ಹೋಗಬಾರದು ಅಂತ ಯಂತ್ರಕ್ಕೆ ಹೇಳಿಟ್ಟಿದ್ದಾರಂತೆ. ಫಾರಂನಲ್ಲಿ ರೋಗ ಬಂದಿದೆಯಾ ಅಂತ ಹಾಲು ಕೊಳ್ಳುವವರು ಕೇಳುತ್ತಿದ್ದಾರಂತೆ. ನಾನು ಕ್ಯಾಮೆರಾ ಮುಂದೆ ನಿಂತು, ಬೇಕೆಂದೇ ಪಟ್ಟಿ ಬಿಚ್ಚಿದೆ, ಹಸುಗಳಿಗೆ ಏನೂ ಆಗಿಲ್ಲ, ತಪ್ಪಾಯಿತು ಅಂತ ಹೇಳಬೇಕಂತೆ. ಹೇಳಿದರೆ ಕೆಲಸ ಉಳಿಯುತ್ತದಂತೆ.

ನಾನು ಕ್ಯಾಮೆರಾದ ಕಡೆ ಹೋಗಲಿಲ್ಲ. ಅವರು ಹತ್ತಿರ ಬಂದು ದನಿ ತಗ್ಗಿಸಿದರು.

"ನೋಡಮ್ಮ, ನೀನು ಪಟ್ಟಿ ಕಟ್ಟದೇ ಇದ್ದಿದ್ರೆ ಹಾಲು ಚರಂಡಿಗೆ ಹೋಗ್ತಿರಲಿಲ್ಲ. ಟ್ಯಾಂಕರ್ ಬೇಗ ತುಂಬ್ತಿತ್ತು. ಅವಳು ಬದುಕ್ತಿದ್ಲೋ ಏನೋ. ನಿನ್ನ ಕೈಯಾರೆ ಮಾಡ್ಕೊಂಡಿದ್ದೀಯ."

ಕೊಳವೆಯಿಂದ ನಿಧಾನ ಬೀಳುತ್ತಿದ್ದ ಹಾಲು ಕಣ್ಣಿಗೆ ಕಟ್ಟಿತು. ಹೌದಿರಬಹುದು. ಅವರು ಸುಳ್ಳು ಹೇಳಿರಲಿಕ್ಕಿಲ್ಲ. ಆ ಮಾತು ಇವತ್ತಿಗೂ ನನ್ನೊಳಗೆ ಮುರಿದ ಮುಳ್ಳಿನ ಹಾಗೆ ಇದೆ. ಆದರೆ ಅದೇ ಮಾತೇ ನನ್ನ ಬಾಯಿಯನ್ನೂ ಬಿಡಿಸಿತು. ಕ್ಯಾಮೆರಾ ಮುಂದೆ ಹೋಗಿ ನಿಂತೆ.

"ನನ್ನ ನಾದಿನಿ ಬಿದ್ದಿದ್ಲು. ಕೂತಿದ್ದಾಳೆ ಅಂತ ಇವರು ಹೇಳಿದ್ರು. ಅವಳಿಗೆ ಜ್ವರ ಬಂದಿತ್ತು. ಈ ಫಾರಂನಲ್ಲಿ ಹಸುವಿಗಲ್ಲದೆ ಯಾರಿಗೂ ಜ್ವರ ಬರೋ ಹಾಗಿಲ್ಲ. ಅದಕ್ಕೇ ಹಸುವಿನ ಪಟ್ಟಿ ಕಟ್ಟಿದೆ. ತಪ್ಪಾಯ್ತು ಅಂತ ನಾನು ಹೇಳಲ್ಲ. ವ್ಯಾನು ಅಲ್ಲೇ ನಿಂತಿತ್ತು. ಇವರು ಕೊಡಲಿಲ್ಲ."

ಮುಂಗೈಯ ಪಟ್ಟಿಯನ್ನು ಹಲ್ಲಿನಿಂದ ಕಚ್ಚಿ ಬಿಚ್ಚಿ ನೆಲಕ್ಕೆ ಹಾಕಿದೆ. ಹೆಂಗಸರ ಕಡೆ ನೋಡಿದೆ. ಗಿಣಿಯ ಮಾತಿಗೆ ನಕ್ಕವರು, ಅವಳ ಹೆಣದ ಮುಂದೆ ಎದೆ ಬಡಿದುಕೊಂಡವರು. ಯಾರಾದರೂ ಒಬ್ಬರು ಬಿಚ್ಚುತ್ತಾರೆ ಅಂದುಕೊಂಡಿದ್ದೆ. ಎಲ್ಲರೂ ನೆಲ ನೋಡುತ್ತಿದ್ದರು. ಒಬ್ಬಳು ಮಾತ್ರ ತನ್ನ ಪಟ್ಟಿಯ ಮೇಲೆ ಇನ್ನೊಂದು ಕೈ ಇಟ್ಟುಕೊಂಡಳು. ಬಿಚ್ಚಲೋ ಮುಚ್ಚಲೋ ತಿಳಿಯಲಿಲ್ಲ. ಅಷ್ಟರಲ್ಲಿ ಮೇಸ್ತ್ರಿ ಕೆಲಸಕ್ಕೆ ಹೋಗಿ ಅಂದ. ಹೋದರು.

ಮ್ಯಾನೇಜರು ಕ್ಯಾಮೆರಾದಲ್ಲಿ ಏನೋ ಒತ್ತಿದರು. ನಾನು ಹೇಳಿದ್ದೆಲ್ಲ ಅಳಿಸಿಹೋಯಿತು ಅಂತ ಅವರೇ ಹೇಳಿದರು. ಆಮೇಲೆ ನನ್ನ ಗಂಡನನ್ನು ಕರೆದರು.

ಅವನು ನನ್ನ ಕಡೆ ನೋಡಲಿಲ್ಲ. ಟೋಪಿ ತೆಗೆದು ಕ್ಯಾಮೆರಾ ಮುಂದೆ ನಿಂತು, ನನ್ನ ಹೆಂಡತಿ ತಿಳಿಯದೆ ಮಾಡಿದ್ದಾಳೆ, ಹಸುಗಳು ಚೆನ್ನಾಗಿವೆ, ನನ್ನ ತಂಗಿಗೆ ಮನೆಯಲ್ಲೇ ಹುಷಾರಿರಲಿಲ್ಲ, ಫಾರಂನವರದ್ದು ಏನೂ ತಪ್ಪಿಲ್ಲ ಅಂದ. ಒಂದು ಸಲ ದನಿ ಒಡೆಯಿತು. ಸರಿಯಾಗಿ ಬರಲಿಲ್ಲ ಅಂತ ಇನ್ನೊಂದು ಸಲ ಹೇಳಿಸಿದರು. ಎರಡನೇ ಸಲ ಸರಿಯಾಗಿ ಹೇಳಿದ.

ಮನೆಗೆ ಬಂದು ನಾನು ಅವನ ಜೊತೆ ಜಗಳ ಆಡಲಿಲ್ಲ. ಊಟ ಬಡಿಸಿದೆ. ಅವನು ಅನ್ನಕ್ಕೆ ಕೈ ಹಾಕದೆ, ಅಮ್ಮನಿಗೆ ಅನ್ನ ಹಾಕಬೇಕಲ್ಲ ಅಂದ. ನಾನು ಹ್ಞೂಂ ಅಂದೆ. ಅವನು ಹೇಳಿದ್ದೂ ನಿಜ. ಅವನನ್ನು ಕ್ಷಮಿಸಲು ನನ್ನಿಂದ ಆಗಲಿಲ್ಲ, ಅದೂ ನಿಜ.

ನಾನು ಬೇರೆ ಕಡೆ ಕೆಲಸ ಕೇಳಿಕೊಂಡು ಹೋದೆ. ಕೋಳಿ ಫಾರಂಗೆ ಹೋದೆ. ತರಕಾರಿ ಬೆಳೆಯುವ ಪ್ಲಾಸ್ಟಿಕ್ ಮನೆಗಳಿಗೆ ಹೋದೆ. ಎಲ್ಲ ಕಡೆಯೂ ಗೇಟಿನಲ್ಲಿ ಅದೇ ಯಂತ್ರ, ಅದೇ ಕಣ್ಣು. ಮುಖ ಹಿಡಿದರೆ ಕೆಂಪು ದೀಪ. ನನ್ನ ಮುಖ ನನಗಿಂತ ಮುಂಚೆ ಅಲ್ಲಿಗೆ ಹೋಗಿ ಕೂತಿತ್ತು. ಒಬ್ಬ ಕಾವಲುಗಾರ ಪಾಪ ಅಂತ ನೀರು ಕೊಟ್ಟ. ಯಾಕೆ ಕೆಂಪು ಬರುತ್ತದೆ ಅಂತ ಅವನಿಗೂ ಗೊತ್ತಿರಲಿಲ್ಲ. ಈಗ ಮನೆಮನೆಗಳಲ್ಲಿ ಪಾತ್ರೆ ತಿಕ್ಕುತ್ತೇನೆ. ಅಲ್ಲಿ ಇನ್ನೂ ಯಾರೂ ಮುಖ ಕೇಳಿಲ್ಲ.

ಗೇಟಿನಿಂದ ವಾಪಸ್ ತಂದ ಗಿಣಿಯ ಫೋನು ಮನೆಯ ಗೋಡೆಗೂಡಿನಲ್ಲಿತ್ತು. ಅದರಲ್ಲಿ ಅವಳ ಫೋಟೋಗಳಿದ್ದವು. ಅತ್ತೆ ಅದಕ್ಕೆ ದಿನವೂ ಚಾರ್ಜು ಹಾಕಿಸುತ್ತಿದ್ದಳು. ಒಂದು ಬೆಳಿಗ್ಗೆ ಅದು ಹೊಡೆದುಕೊಂಡಿತು. ಅತ್ತೆಯೇ ಎತ್ತಿದಳು. ಒಂದು ಹೆಣ್ಣು ದನಿ, ಇಂಪಾಗಿ, ನೀವು ಇಂದು ಕೆಲಸಕ್ಕೆ ಹಾಜರಾಗಿಲ್ಲ, ಕಾರಣ ತಿಳಿಸಿ ಅಂತ ಕೇಳಿತು.

"ಅವಳಿಲ್ಲ ಕಣಮ್ಮ" ಅಂದಳು ಅತ್ತೆ. "ಹೋಗ್ಬಿಟ್ಲು."

ನಿಮ್ಮ ಉತ್ತರ ಅರ್ಥವಾಗಲಿಲ್ಲ, ದಯವಿಟ್ಟು ಮತ್ತೊಮ್ಮೆ ಹೇಳಿ ಅಂದಿತು ಅದು. ಅತ್ತೆ ಮತ್ತೊಮ್ಮೆ ಹೇಳಿದಳು. ಅದು ಮತ್ತೆ ಕೇಳಿತು. ನಾನು ಫೋನು ಕಿತ್ತುಕೊಂಡೆ. ಅದು ಮನುಷ್ಯರಲ್ಲ ಅತ್ತೆ, ಯಂತ್ರ ಅಂದೆ. ಗೊತ್ತು ಅಂದಳು. ಮರುದಿನವೂ ಬಂತು. ಅತ್ತೆ ಬಿಡಲಿಲ್ಲ, ತಾನೇ ಎತ್ತಿ ಉತ್ತರ ಕೊಟ್ಟಳು. ಫಾರಂನ ಕಂಪ್ಯೂಟರಿನಲ್ಲಿ ಗಿಣಿ ಸತ್ತಿರಲಿಲ್ಲ. ಆ ಮಧ್ಯಾಹ್ನ ಸುಮ್ಮನೆ ಕೂತಿದ್ದು, ಪಾಳಿ ಮುಗಿಯುವ ಮುಂಚೆ ಹೇಳದೆ ಹೊರಗೆ ಹೋದವಳು. ಅಷ್ಟೇ. ಸತ್ತಿದ್ದಾಳೆ ಅಂತ ಬರೆಸಿ ಅಂತ ನನ್ನ ಗಂಡ ಮೇಸ್ತ್ರಿಯನ್ನು ಕೇಳಿಕೊಂಡ. ಫಾರಂ ಒಳಗೇ ಸತ್ತದ್ದು ಅಂತ ಆಗಿಬಿಡುತ್ತದೆ, ಬೇಡ ಅಂದನಂತೆ ಮೇಸ್ತ್ರಿ.

ದಿನವೂ ಬೆಳಿಗ್ಗೆ ಕರೆ ಬರುತ್ತಿತ್ತು. ಅತ್ತೆ ಮಗಳು ಸತ್ತ ಸುದ್ದಿಯನ್ನು ದಿನವೂ ಹೇಳುತ್ತಿದ್ದಳು. ಮೊದಮೊದಲು ಅಳುತ್ತಾ ಹೇಳುತ್ತಿದ್ದಳು. ಆಮೇಲೆ ಸುಮ್ಮನೆ ಹೇಳುತ್ತಿದ್ದಳು, ಹಾದಿಯಲ್ಲಿ ಸಿಕ್ಕವರಿಗೆ ಹೇಳುವ ಹಾಗೆ.

ಒಂದು ದಿನ ಆ ದನಿ ಬೇರೆ ಏನೋ ಹೇಳಿತು. ಅತ್ತೆಗೆ ತಿಳಿಯಲಿಲ್ಲ. ಫೋನನ್ನು ನನ್ನ ಕಿವಿಗೆ ಹಿಡಿದಳು. ಸತತ ಗೈರುಹಾಜರಿಯ ಕಾರಣ ನಿಮ್ಮನ್ನು ಕೆಲಸದಿಂದ ತೆಗೆದುಹಾಕಲಾಗಿದೆ ಅಂತಿತ್ತು. ನನ್ನ ಗಂಡ ಹೊಸ್ತಿಲಲ್ಲಿ ಕೂತು ಗಂಬೂಟು ಹಾಕಿಕೊಳ್ಳುತ್ತಿದ್ದ.

"ಏನಂತೆ?" ಅಂದಳು ಅತ್ತೆ. "ಸತ್ತಳು ಅಂತ ಗೊತ್ತಾಯ್ತಂತಾ?"

"ಇಲ್ಲ ಅತ್ತೆ. ಕೆಲಸಕ್ಕೆ ಬರ್ತಿಲ್ಲ ಅಂತ ತೆಗೆದಿದ್ದಾರೆ."

ಅತ್ತೆ ಫೋನನ್ನು ಸೆರಗಿನಿಂದ ಒರೆಸಿದಳು.

"ಕೆಲಸ ತಪ್ಪಿಸೋಳಲ್ಲ ಅವಳು" ಅಂದಳು. "ಆ ಕಾಲಿಟ್ಕೊಂಡೂ ಹೋದ್ಲು."

ನನ್ನ ಗಂಡನ ಕೈ ಒಂದು ಗಳಿಗೆ ನಿಂತಿತು. ಮುಂಗೈಯ ಪಟ್ಟಿ ಗುಂಯ್ ಅಂದಿತು. ಅವನು ಇನ್ನೊಂದು ಗಂಬೂಟನ್ನೂ ಎಳೆದು ಹಾಕಿಕೊಂಡು ಎದ್ದು ಪಾಳಿಗೆ ಹೋದ.